ಹೆಸರಿಗೆ ಬಿಟ್ಟ ಜಾಗ

ನನ್ನ ತಮ್ಮ ಗೋಪಾಲಪ್ಪ ಬದುಕಿದ್ದಾನೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ತಮಿಳುನಾಡಿನ ಧರ್ಮಪುರಿ ಕಡೆಯ ನಮ್ಮ ಮಾರಂಡಹಳ್ಳಿಗೆ ಬಂದು ಯಾರನ್ನಾದರೂ ಕೇಳಿ ನೋಡಿ, ಕೆಲವರು ತಲೆ ಕೆರೆದುಕೊಳ್ಳುತ್ತಾರೆ, ಕೆಲವರು ಮಾತು ತಿರುಗಿಸಿ ಟೊಮೆಟೊ ರೇಟಿನ ಸಮಾಚಾರಕ್ಕೆ ಹೋಗುತ್ತಾರೆ. ಆದರೆ ಅವನು ಉಣ್ಣುತ್ತಾನೆ, ಬೀಡಿ ಸೇದುತ್ತಾನೆ, ನೆಗಡಿಯಾದರೆ ಬೀದಿಗೆಲ್ಲ ಕೇಳುವ ಹಾಗೆ ಸೀನುತ್ತಾನೆ. ಅವನ ಊಟದ ಡಬ್ಬಿ ದಿನಾ ತೊಳೆಯುವವಳು ನಾನೇ. ನನಗೆ ಗೊತ್ತಿಲ್ಲವೇ?

ನಾನು ಲಕ್ಷ್ಮಕ್ಕ. ಬಾಲವಾಡಿಯಲ್ಲಿ ಮಕ್ಕಳಿಗೆ ಸತ್ತುಮಾವು, ಅದೇ ಪೌಷ್ಟಿಕ ಹಿಟ್ಟು, ಕಲಸಿ ಕೊಡುತ್ತಾ ರಿಟೈರ್ ಆದವಳು. ಗಂಡ ಬೇಗ ಹೋದ, ಮಕ್ಕಳಿಲ್ಲ, ತಮ್ಮನ ಮನೆಯ ಪಕ್ಕದಲ್ಲೇ ನನ್ನದೊಂದು ಕೋಣೆ. ಚಿಕ್ಕಂದಿನಲ್ಲಿ ಅಪ್ಪ ನನ್ನನ್ನು ಹೊಸೂರಿನ ಕಡೆ ಮಾವನ ಮನೆಯಲ್ಲಿ ಬಿಟ್ಟು ಕನ್ನಡ ಶಾಲೆಗೆ ಹಾಕಿದ್ದ, ಹಾಗಾಗಿ ಇಷ್ಟು ಬರೆಯಲು ಬರುತ್ತದೆ. ಗೋಪಾಲ ಇಲ್ಲಿಯ ತಮಿಳು ಶಾಲೆಗೆ ಹೋದ, ಅವನಿಗೆ ಕನ್ನಡ ಬಾಯಲ್ಲಿ ಮಾತ್ರ. ದೆವ್ವ, ಗಾಳಿ, ಸೋಂಕು ಅಂತ ಯಾರಾದರೂ ಶುರು ಮಾಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಜ್ವರ ಬಂದ ಮಗುವಿಗೆ ತಾಯತ ಕಟ್ಟಿಸಿಕೊಂಡು ಬಂದ ತಾಯಂದಿರನ್ನು ಬಾಲವಾಡಿಯ ಬಾಗಿಲಲ್ಲೇ ಬೈದು ಆಸ್ಪತ್ರೆಗೆ ಓಡಿಸಿದವಳು ನಾನು. ಅಂಥವಳು ಇದನ್ನು ಬರೆಯುತ್ತಿದ್ದೇನೆ ಅನ್ನುವುದನ್ನು ನೆನಪಿಟ್ಟುಕೊಳ್ಳಿ.

ಗೋಪಾಲನದು ಮೈಕ್‌ಸೆಟ್ ಅಂಗಡಿ. ಪಾಲಕ್ಕೋಡಿನ ರಸ್ತೆಯಿಂದ ಒಳಗೆ ತಿರುಗುವ ಬೀದಿಯಲ್ಲಿ, ಟೈಲರ್ ಅಂಗಡಿಯ ಪಕ್ಕ. ಮದುವೆ, ಕಿವಿ ಚುಚ್ಚುವುದು, ಹೊಸಮನೆ, ಮಾರಮ್ಮನ ಪೂಜೆ, ಸಾವು, ಎಲ್ಲದಕ್ಕೂ ಅವನ ಹಾರ್ನ್ ಸ್ಪೀಕರು ಹೋಗಬೇಕು. ಆಗಿನ ಕಾಲದಲ್ಲಿ ಅವನು ಕೆಲಸಕ್ಕೆ ಹೊರಟರೆ ನೋಡಲು ನಗು ಬರುತ್ತಿತ್ತು. ಹೆಗಲಿಗೆ ಕ್ಯಾಮೆರಾ, ಯಾಕೆಂದರೆ ಫೋಟೋನೂ ಅವನೇ ತೆಗೆಯುತ್ತಿದ್ದ. ಒಂದು ಕಂಕುಳಲ್ಲಿ ಟೇಪ್‌ರೆಕಾರ್ಡರ್, ಇನ್ನೊಂದರಲ್ಲಿ ಕ್ಯಾಸೆಟ್ಟಿನ ಚೀಲ, ಸೊಂಟಕ್ಕೆ ಟಾರ್ಚು, ಕೈಗೆ ಅಪ್ಪನ ಗಡಿಯಾರ, ಜೇಬಿನಲ್ಲಿ ಅಂಗೈಯಷ್ಟಗಲದ ರೇಡಿಯೋ. "ಲೇ ಗೋಪಾಲಾ, ಒಂದು ಕತ್ತೆ ಸಾಕೊಳ್ಳೋ," ಅನ್ನುತ್ತಿದ್ದೆ. "ಅಕ್ಕಾ, ಇವೆಲ್ಲ ಬ್ಯಾರೆ ಬ್ಯಾರೆ ಇದ್ರೇನೇ ಒಳ್ಳೇದು," ಅನ್ನುತ್ತಿದ್ದ.

ಬೇರೆ ಬೇರೆ ಅನ್ನುವುದನ್ನು ಅವನು ಎಲ್ಲಿಯವರೆಗೆ ಒಯ್ದಿದ್ದ ಎಂದರೆ, ಅವನ ಹತ್ತಿರ ಎರಡು ಟೇಪ್‌ರೆಕಾರ್ಡರ್ ಇದ್ದವು. ಒಂದು ಒಳ್ಳೆಯ ಕಾರ್ಯಕ್ಕೆ. ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಅಂಗಡಿಯೊಳಗೆ ಇಡುತ್ತಿದ್ದ. ಇನ್ನೊಂದು ಸಾವಿನ ಮನೆಗೆ. ಅದನ್ನು ತಗಡಿನ ಪೆಟ್ಟಿಗೆಯಲ್ಲಿ ಹಾಕಿ ಅಂಗಡಿಯ ಹಿಂದೆ ಸೂರಿನ ಕೆಳಗೆ ಇಟ್ಟಿರುತ್ತಿದ್ದ, ಅಂಗಡಿಯೊಳಕ್ಕೂ ತರುತ್ತಿರಲಿಲ್ಲ, ಮನೆಗಂತೂ ದೂರದ ಮಾತು. ಸಾವಿನ ಮನೆಯಿಂದ ಬಂದ ಮೇಲೆ ಪೆಟ್ಟಿಗೆಗೆ ಅರಿಶಿನದ ನೀರು ಚಿಮುಕಿಸಿ, ತಾನೂ ತಲೆಗೆ ನೀರು ಹುಯ್ದುಕೊಂಡು ಒಳಗೆ ಬರುತ್ತಿದ್ದ. ಅವನಿಗೆ ಕೆಲಸ ಕಲಿಸಿದ ಕೊಳತ್ತೂರಿನ ಮುದುಕ ಹೇಳಿಕೊಟ್ಟ ಪದ್ಧತಿ ಅದು. ನಮ್ಮ ಕಡೆಯ ಮೈಕ್‌ಸೆಟ್‌ನವರು ಆಗ ಹಲವರು ಹಾಗೇ ಮಾಡುತ್ತಿದ್ದರು.

ಆ ಪೆಟ್ಟಿಗೆಯಲ್ಲಿ ಇದ್ದದ್ದು ಮುಖ್ಯವಾಗಿ ಒಂದೇ ಕ್ಯಾಸೆಟ್. ಅದರಲ್ಲಿ ಮಾರಿಯಮ್ಮನ ಒಪ್ಪಾರಿ. ಒಪ್ಪಾರಿ ಎಂದರೆ ಹೆಣದ ಮುಂದೆ ಕೂತು ಅಳುತ್ತಾ ಹಾಡುವ ಹಾಡು. ಮಾರಿಯಮ್ಮ ನಮ್ಮ ಸುತ್ತಿನ ಹಳ್ಳಿಗೆಲ್ಲ ಹಾಡುತ್ತಿದ್ದ ಮುದುಕಿ, ತಮಿಳರ ಮನೆಯಲ್ಲಿ ತಮಿಳಲ್ಲಿ, ನಮ್ಮವರ ಮನೆಯಲ್ಲಿ ಕನ್ನಡದಲ್ಲಿ. ಕಾಲು ಬಿದ್ದುಹೋದ ಮೇಲೆ ಅವಳೇ ಗೋಪಾಲನನ್ನು ಕರೆಸಿ, "ನನ್ನ ದನಿ ಇಡ್ಕೊಳಪ್ಪಾ, ನಾನು ಬರಕ್ಕಾಗಾಕಿಲ್ಲ," ಎಂದು ಹಾಡಿ ಕೊಟ್ಟಳು. ಹಾಡುವ ಮೊದಲು ಸತ್ತವರ ಹೆಸರು ಕೇಳುವುದು ಅವಳ ಪದ್ಧತಿ. ಹೆಸರು ಗೊತ್ತಿಲ್ಲದೆ ಅವಳು ಬಾಯಿ ತೆರೆಯುತ್ತಿರಲಿಲ್ಲ. ಹಾಗಾಗಿ ಕ್ಯಾಸೆಟ್ಟಿನಲ್ಲೂ ಮೊದಲು ಅವಳು ಕೇಳುತ್ತಾಳೆ: "ಎಸ್ರು ಏಳಪ್ಪಾ." ಆಮೇಲೆ ಸುಮ್ಮನಾಗುತ್ತಾಳೆ. ಆ ಜಾಗದಲ್ಲಿ ಗೋಪಾಲ ಮೈಕ್ ಹಿಡಿದು ಸತ್ತವರ ಹೆಸರು, ಅವರ ಮನೆಯವರ ಹೆಸರು, ಊರು ಹೇಳಬೇಕು. ಅಲ್ಲಿಯವರೆಗೆ ಟೇಪಿನಲ್ಲಿ ಅವಳು ಎಲೆಅಡಿಕೆ ಜಗಿಯುತ್ತಾ ಕಾಯುವ ಸದ್ದು. ಆಮೇಲೆ ಹಾಡು.

ಮಾರಿಯಮ್ಮ ಸತ್ತಾಗ ಅವಳಿಗೂ ಅದೇ ಕ್ಯಾಸೆಟ್ ಹಾಕಿದರು. ಅವಳೇ ಕೇಳಿದಳು, ಗೋಪಾಲ ಅವಳ ಹೆಸರನ್ನೇ ಹೇಳಿದ, ಅವಳೇ ಅವಳಿಗೆ ಹಾಡಿಕೊಂಡಳು. ನಾನು ಅಲ್ಲಿದ್ದೆ. ಥೂ, ಅವತ್ತು ಮಾತ್ರ ನಾನೂ ಹಾಡು ಮುಗಿಯುವ ಮೊದಲೇ ಎದ್ದು ಮನೆಗೆ ಬಂದುಬಿಟ್ಟೆ.

ಕೊಳತ್ತೂರಿನ ಮುದುಕ ಇನ್ನೊಂದು ಮಾತು ಹೇಳಿದ್ದನಂತೆ. ಹೆಣವಿಲ್ಲದ ಜಾಗದಲ್ಲಿ ಅದನ್ನು ಹಾಡಿಸಬಾರದು, ಹಾಡಿಸಿದರೆ ಅದು ಹೆಸರು ತೆಗೆದುಕೊಂಡೇ ಹೋಗುತ್ತದೆ ಎಂದು. ಗೋಪಾಲ ಹೇಳಿದಾಗ ನಾನು ನಕ್ಕಿದ್ದೆ.

ಆಮೇಲೆ ಫೋನು ಬಂತು. ಗೋಪಾಲನ ಮಗ ರವಿಶಂಕರ್ ಓಮಲೂರು ಬಸ್‌ಸ್ಟ್ಯಾಂಡಿನ ಎದುರಿನ ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ಬಟನ್ನೇ ಇಲ್ಲದ ಫೋನುಗಳು ಆಗ ತಾನೇ ನಮ್ಮ ಕಡೆ ಕಾಣತೊಡಗಿದ್ದವು. ಒಂದು ಭಾನುವಾರ ಅಂಥದ್ದೊಂದು ತಂದು ಅಪ್ಪನ ಕೈಗಿಟ್ಟ. ಅದಕ್ಕೂ ಮೊದಲು ಕ್ಯಾಸೆಟ್ಟೆಲ್ಲ ಒಯ್ದು ಅದರೊಳಕ್ಕೆ ಇಳಿಸಿಕೊಂಡು ಬಂದಿದ್ದ.

"ನೋಡಪ್ಪಾ, ಟಾರ್ಚು ಇದ್ರಾಗೇ ಐತೆ. ರೇಡಿಯೋ ಐತೆ. ಕ್ಯಾಮೆರಾ, ಟೈಮು, ಪಾಟ್ಟು ಎಲ್ಲಾ ಒಂದ್ರಾಗೇ. ಇನ್ನ ಆ ಮೂಟೆ ಒರಬ್ಯಾಡ."

ಗೋಪಾಲ ಅದನ್ನು ಎರಡು ಕೈಯಲ್ಲಿ ಹಿಡಿದು, ಬೆರಳಿನಿಂದ ಮುಟ್ಟಿದರೆ ಎಲ್ಲಿ ಒಡೆದುಹೋಗುತ್ತದೋ ಎಂಬಂತೆ ನೋಡಿದ. "ಪಾಟ್ಟು, ಹಾಡು ಎಲ್ಲಾನಾ?" ಅಂದ.

"ಎಲ್ಲಾ."

"ಆ ಪೆಟ್ಟಿಗೇದೂನಾ?"

"ಅದು ಬ್ಯಾರೆ ಫೋಲ್ಡರ್‌ನಾಗೈತಪ್ಪಾ. ಇದಕ್ಕೂ ಅದಕ್ಕೂ ಸಂಬಂಧ ಇಲ್ಲ."

"ಒಂದೇ ಪೆಟ್ಟಿಗೆ ಅಲ್ಲೇನೋ ಇದು?"

ರವಿ ನಕ್ಕ. ನಾನೂ ನಕ್ಕೆ. ಸಾವಿಗೊಂದು ಫೋನು, ಮದುವೆಗೊಂದು ಫೋನು ಅಂತ ಯಾರಾದರೂ ಇಡುತ್ತಾರೆಯೇ! ಗೋಪಾಲನ ಹೆಂಡತಿ ಮುತ್ತಮ್ಮ ಮಾತ್ರ ನಗಲಿಲ್ಲ. "ಅದ್ನ ಮನೆಯೊಳಕ್ಕೆ ತರ್ತಾರಾ?" ಎಂದು ಕೇಳಿ ಒಲೆಯ ಕಡೆ ಹೋದಳು. ಎರಡು ಟೇಪ್‌ರೆಕಾರ್ಡರನ್ನೂ ಕ್ಯಾಸೆಟ್ಟುಗಳನ್ನೂ ಗುಜರಿಯವನು ಒಂದೇ ಚೀಲಕ್ಕೆ ತುಂಬಿಕೊಂಡು ಹೋದ.

ಫೋನು ಬಂದ ಮೇಲೆ ಗೋಪಾಲ ಹಗುರಾದ. ಮೊದಲ ವಾರ ಕೈ ಬೀಸಿಕೊಂಡು ನಡೆಯಲು ಬರದೆ ಒದ್ದಾಡಿದ. ಆಮೇಲೆ ಮಗುವಿಗೆ ಆಟದ ಸಾಮಾನು ಸಿಕ್ಕಿದ ಹಾಗೆ ಆಯಿತು. ರಾಗಿ ಹೊಲದಲ್ಲಿ ನಿಂತು ಫೋಟೋ ತೆಗೆದ. ಬಾವಿಗೆ ಬೆಳಕು ಬಿಟ್ಟು ನೋಡಿದ. ಆದರೆ ಪೆಟ್ಟಿಗೆಯಾಗಿದ್ದರೆ ಸೂರಿನ ಕೆಳಗೆ ಇಡಬಹುದಿತ್ತು, ಫೋನಿಗೆ ಕರೆಂಟು ಬೇಕು. ಮನೆಯಲ್ಲಿ ಸರಿಯಾಗಿ ಕೆಲಸ ಮಾಡುವ ಪ್ಲಗ್ ಇದ್ದದ್ದು ಒಂದೇ, ಅದೂ ಗೋಡೆಯಲ್ಲಿನ ದೇವರ ಮಾಡದ ಕೆಳಗೆ, ದೀಪದ ಬಲ್ಬಿಗೆಂದು ಹಾಕಿಸಿದ್ದು. ದಿನಾ ಅಲ್ಲೇ ಚಾರ್ಜಿಗೆ ಹಾಕುತ್ತಿದ್ದ. ಸಾವಿನ ಮನೆಯಿಂದ ಬಂದರೆ ಮೊದಲಿನ ಹಾಗೆ ನೀರು ಚಿಮುಕಿಸಲು ಹೋಗಿ, ಫೋನಿಗೆ ನೀರು ತಾಗಬಾರದೆಂದು ನೆನಪಾಗಿ, ಅರಿಶಿನದ ಕೈಯನ್ನು ಪಂಚೆಗೆ ಒರೆಸಿಕೊಂಡು ಸುಮ್ಮನಾಗುತ್ತಿದ್ದ.

ಮೊದಲ ಸಲ ಅದು ಒಂದು ಹೊಸಮನೆಯಲ್ಲಿ ಆಯಿತು. ಊರಿಗೆ ಹತ್ತಿರದ ಹಳ್ಳಿ, ನಾನೂ ಊಟಕ್ಕೆ ಹೋಗಿದ್ದೆ. ಬೆಳಗ್ಗೆ ಗಣಪತಿ ಹಾಡು ಮುಗಿಯಿತು. ಮುಂದಿನದ್ದು ನಾಗಸ್ವರ ಬರಬೇಕು. ಚಪ್ಪರದ ಮೇಲಿನ ಹಾರ್ನಿನಿಂದ ಮಾರಿಯಮ್ಮ ಕೇಳಿದಳು: "ಎಸ್ರು ಏಳಪ್ಪಾ."

ಕ್ಯಾಸೆಟ್ಟಿನಲ್ಲಿ ಹಿಂದೆ ಸರ್ರೆಂದು ಒಂದು ಸದ್ದು ಇರುತ್ತಿತ್ತು, ಅದರಿಂದ ಅದು ಹಳೆಯ ದನಿ ಅಂತ ಗೊತ್ತಾಗುತ್ತಿತ್ತು. ಫೋನಿನಲ್ಲಿ ಅದು ಹೋಗಿಬಿಟ್ಟಿತ್ತು. ಮುದುಕಿ ಚಪ್ಪರದ ಮೇಲೇ ಕೂತು ಕೇಳಿದ ಹಾಗಿತ್ತು. ಜನ ಎಲ್ಲಾ ತಲೆಯೆತ್ತಿ ಹಾರ್ನಿನ ಕಡೆ ನೋಡಿದರು. ಅವಳು ಜಗಿಯುವುದು ಕೇಳಿಸಿತು. ಮನೆ ಯಜಮಾನನ ತಂದೆ, ಬಹಳ ವಯಸ್ಸಾದವನು, ತಮಾಷೆ ಮನುಷ್ಯ, ಜಗಲಿಯ ಮಂಚದಲ್ಲಿ ಒರಗಿದ್ದವನು ಎದ್ದು ಕೂತು ನಗುತ್ತಾ ತನ್ನ ಹೆಸರು, ಊರಿನ ಹೆಸರು ಸಮೇತ ಜೋರಾಗಿ ಹೇಳಿದ. ಹಾಡು ಶುರುವಾಯಿತು. ಗೋಪಾಲ ಓಡಿಹೋಗಿ ವೈರು ಕಿತ್ತ.

ಮುದುಕ ಮಧ್ಯಾಹ್ನ ಪಾಯಸ ಹಾಕಿಸಿಕೊಂಡು ಉಂಡ. ಸಾಯಂಕಾಲ ಅದೇ ಮಂಚದಲ್ಲಿ ತೀರಿಕೊಂಡ. ವಯಸ್ಸಾಗಿತ್ತು ಬಿಡಿ ಎಂದರು. ನಾನೂ ಅದನ್ನೇ ಅಂದೆ.

ರವಿಯನ್ನು ಕೇಳಿದ್ದಕ್ಕೆ, ಆ ಹಾಡಿಗೆ ತಾನು ನಂಬರ್ ಹಾಕಿದ್ದರಿಂದ ಅದು ಎಲ್ಲಕ್ಕಿಂತ ಮೇಲೆ ನಿಂತಿದೆ, ಬೆರಳು ತಾಗಿದರೆ ಮೊದಲು ಅದೇ ಬರುತ್ತದೆ ಎಂದ. ಬೆವರು ತಾಗಿದರೂ ಸಾಕಂತೆ. ಸರಿ, ಇಷ್ಟೇನಾ ಎಂದು ನನಗೆ ಸಮಾಧಾನವಾಯಿತು. ಗೋಪಾಲ ಮಾತ್ರ ಫೋನನ್ನು ಕರ್ಚೀಫಿನಲ್ಲಿ ಸುತ್ತಿ ಇಡತೊಡಗಿದ.

ಎರಡನೆಯದು ಬಸ್‌ಸ್ಟ್ಯಾಂಡಿನಲ್ಲಿ, ನಡುಹಗಲು. ಗೋಪಾಲ ಹೂವಿನ ಪೂಂಗೊಡಿಯ ಹತ್ತಿರ ಮಾರಮ್ಮನ ಪೂಜೆಗೆ ಮಲ್ಲಿಗೆ ಅಳೆಸಿಕೊಳ್ಳುತ್ತಿದ್ದ. ಪೂಂಗೊಡಿ ಇನ್ನೂ ಸಣ್ಣ ವಯಸ್ಸಿನವಳು, ಬಾಯಿ ತುಂಬ ಮಾತು. ಕರ್ಚೀಫಿನೊಳಗಿಂದ, ಜೇಬಿನೊಳಗಿಂದ, ಸಣ್ಣ ದನಿಯಲ್ಲಿ ಅದು ಕೇಳಿತು. ಅವಳು ಕೈಯಲ್ಲಿದ್ದ ಹೂವು ಬಿಟ್ಟು ಬಗ್ಗಿ ಅವನ ಜೇಬಿಗೇ ಬಾಯಿಟ್ಟು, "ಪೂಂಗೊಡಿ, ಪೂಂಗೊಡೀನ್ನು ಸೊಲ್ಲುಂಗ ಪಾಟ್ಟಿ!" ಪೂಂಗೊಡಿ ಅನ್ನಜ್ಜೀ ಎಂದು ತಮಿಳಲ್ಲಿ ಹೇಳಿ ಕಿಲಕಿಲ ನಕ್ಕಳು. ಗೋಪಾಲ ಅವಳ ಬಾಯಿ ಮುಚ್ಚಲು ಕೈ ಚಾಚಿದನಂತೆ. ತಡವಾಗಿತ್ತು.

ಆ ವಾರದ ಸಂತೆಗೆ ಪೂಂಗೊಡಿ ಬರಲಿಲ್ಲ. ಏನೋ ಜ್ವರ, ಎರಡೇ ದಿನದ್ದು. ಅವಳ ಮನೆಯವರು ಬಂದು ಮೈಕ್‌ಸೆಟ್ ಕೇಳಿದಾಗಲೇ ಅವಳು ಸತ್ತದ್ದು ಗೋಪಾಲನಿಗೆ ತಿಳಿದದ್ದು. ಹೋಗಿ ಹೆಸರು ಹೇಳಿ ಬಂದ. ಅವತ್ತು ಮನೆಗೆ ಬಂದವನು ಊಟ ಮುಟ್ಟಲಿಲ್ಲ.

"ಅಕ್ಕಾ, ಅದು ಕಾಯ್ತದೆ," ಅಂದ. "ಯಾರೂ ಏಳ್ದೆ ಇದ್ರೆ ಜಗೀತಾನೇ ಇರ್ತದೆ. ನಾನು ಒಂದಿನ ಸುಮ್ನೆ ಬುಟ್ಟು ನೋಡ್ದೆ. ಅದು ಮುಂದುಕ್ಕೆ ಓಗ್ಲಿಲ್ಲ."

"ಮಣ್ಣು! ಫೋನು ಕೆಟ್ಟೋಗಿರ್ತದೆ. ಅಳಿಸಾಕು ಅದ್ನ," ಎಂದು ಬೈದೆ. ಬೈದೆನೇ ಹೊರತು, ಅವತ್ತಿನಿಂದ ಆ ಫೋನಿದ್ದ ಕೋಣೆಯಲ್ಲಿ ಯಾರ ಹೆಸರನ್ನೂ ಕೂಗದೆ "ಬಾ ಇಲ್ಲಿ", "ಏ ಹುಡುಗಿ" ಎಂದು ಕರೆಯತೊಡಗಿದ್ದೆ. ರವಿ ಬಂದು ನಮ್ಮೆಲ್ಲರ ಕಣ್ಣೆದುರೇ ಅಳಿಸಿದ. ಹುಡುಕಿ ತೋರಿಸಿದ, ಆ ಹಾಡು ಇರಲಿಲ್ಲ. ಬಿಸಾಡಿಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಕ್ಯಾಸೆಟ್ಟುಗಳು ಗುಜರಿಗೆ ಹೋಗಿದ್ದವು. ಅವನ ಹೊಟ್ಟೆಪಾಡೆಲ್ಲ ಆ ಒಂದು ಫೋನಿನಲ್ಲಿತ್ತು.

ಇಷ್ಟರಲ್ಲಿ ಶಾಲಿನಿ ಹೆರಿಗೆಗೆ ತವರಿಗೆ ಬಂದಳು. ಗೋಪಾಲನ ಮಗಳು, ಕೊಳತ್ತೂರಿನ ಶೇಖರ್‌ಗೆ ಕೊಟ್ಟಿದ್ದೆವು. ಒಳ್ಳೆಯ ಹುಡುಗ, ಮೇಟ್ಟೂರು ಅಣೆಕಟ್ಟಿನ ಹಿನ್ನೀರಿನಲ್ಲಿ ಮೀನು ಗುತ್ತಿಗೆ. ಅವಳಿಗೆ ಎರಡು ಸಲ ಬಸಿರು ನಿಲ್ಲದೆ ಹೋಗಿತ್ತು. ಇದು ಮೂರನೆಯದು, ತಿಂಗಳು ತುಂಬಿತ್ತು. ಎರಡನೆಯ ಸಲ ಅವಳು ಗೋಡೆಗೆ ತಲೆ ಚಚ್ಚಿಕೊಂಡದ್ದನ್ನು ನಾನು ನೋಡಿದ್ದೇನೆ. ಈ ಸಲವೂ ಹೋದರೆ ಅವಳು ಉಳಿಯುವುದಿಲ್ಲ ಅನ್ನುವುದು ನಮಗೆಲ್ಲ ಗೊತ್ತಿತ್ತು, ಬಾಯಿ ಬಿಟ್ಟು ಯಾರೂ ಆಡುತ್ತಿರಲಿಲ್ಲ. ಗೋಪಾಲ ಮಗಳ ಮುಂದೆ ನಗುನಗುತ್ತಾ ಇದ್ದು, ಹಿತ್ತಲಿಗೆ ಹೋಗಿ ಸುಮ್ಮನೆ ನಿಂತಿರುತ್ತಿದ್ದ.

ನೋವು ಶುರುವಾದದ್ದು ಹಗಲು ಹೊತ್ತು, ಬಿಸಿಲು ನೆತ್ತಿಗೆ ಬಂದಾಗ. ಆಂಬುಲೆನ್ಸಿಗೆ ಹೇಳಿಯಾಗಿತ್ತು, ಹೆಂಡತಿಯನ್ನು ನೋಡಲು ಬಂದಿದ್ದ ಶೇಖರ್ ಅದಕ್ಕಾಗಿ ರಸ್ತೆಯ ತುದಿಯಲ್ಲಿ ಕಾಯುತ್ತಿದ್ದ. ಶಾಲಿನಿ ನಡುಮನೆಯ ಚಾಪೆಯ ಮೇಲೆ ಕಣ್ಣು ಮುಚ್ಚಿ ಮಲಗಿದ್ದಳು, ನಾನು ಸೊಂಟಕ್ಕೆ ಹರಳೆಣ್ಣೆ ನೀವುತ್ತಿದ್ದೆ. ಮುತ್ತಮ್ಮ ಬಟ್ಟೆ ಗಂಟು ಕಟ್ಟುತ್ತಿದ್ದಳು. "ಆಂಬುಲೆನ್ಸ್‌ನಾಗೆ ನರ್ಸಮ್ಮ ಬರ್ತಾಳೆ, ಎದುರ್ಕೋಬ್ಯಾಡ, ಕೇಳಿದ್ದಕ್ಕೆಲ್ಲ ಸರಿಯಾಗಿ ಏಳು," ಎಂದು ನಾನೇ ಹೇಳಿಕೊಡುತ್ತಿದ್ದೆ. ಶಾಲಿನಿ ತಲೆಯಾಡಿಸಿದಳು. ಹೊರಗೆ ಯಾವುದೋ ವ್ಯಾನು ಬಂದು ನಿಂತ ಸದ್ದಾಯಿತು.

ದೇವರ ಮಾಡದ ಕೆಳಗಿಂದ, ಮೃದುವಾಗಿ, ಪಕ್ಕದಲ್ಲಿ ಕೂತು ಕೇಳಿದ ಹಾಗೆ ದನಿ ಬಂತು. "ಎಸ್ರು ಏಳಪ್ಪಾ."

ಫೋನಿನ ಬೆಳಕು ಹತ್ತಿರಲಿಲ್ಲ. ಅದನ್ನು ನಾನು ನೋಡಿದೆ, ಆಣೆ ಮಾಡಿ ಹೇಳುತ್ತೇನೆ, ಗಾಜು ಕಪ್ಪಗಿತ್ತು. ಗೋಪಾಲ ಬಾಗಿಲಲ್ಲಿ ನಿಂತಿದ್ದ. ಅವನು ನೆಗೆಯುವುದರೊಳಗೆ ಶಾಲಿನಿ ಕಣ್ಣು ತೆರೆಯದೆಯೇ, ಆಸ್ಪತ್ರೆಯ ಚೀಟಿ ಬರೆಸುವವಳ ಹಾಗೆ, ಒಂದೊಂದಾಗಿ ಬಿಡಿಸಿ ಹೇಳಿದಳು.

"ಶಾಲಿನಿ. ಶೇಖರ್ ಎಂಡ್ತಿ. ಕೊಳತ್ತೂರು."

ಜಗಿಯುವುದು ನಿಂತಿತು. ಹಾಡು ಶುರುವಾಯಿತು. "ಬಾಗ್ಲಿಗೆ ನೀರಾಕಿ ಬತ್ತೀನಿ ಅಂದ್ಯಲ್ಲಾ, ಯಾವ ಬಾಗ್ಲಾಗೆ ಓದೆ ನನ್ ಕಣ್ಣೇ..." ಗೋಪಾಲ ಫೋನನ್ನು ಎಳೆದು ಎದೆಗೆ ಒತ್ತಿಕೊಂಡ. ಅವನ ಎದೆಯೊಳಗಿಂದ ಹಾಡು ಬರುತ್ತಲೇ ಇತ್ತು. ಹಿಂದಿನ ಮುಚ್ಚಳ ತೆಗೆದು ಬ್ಯಾಟರಿ ಕಿತ್ತ ಮೇಲೆ ನಿಂತಿತು.

ಮುತ್ತಮ್ಮ ಬಟ್ಟೆಗಂಟನ್ನು ಹಿಡಿದುಕೊಂಡೇ ಗಂಡನ ಮುಖ ನೋಡಿದಳು. ಅಷ್ಟರಲ್ಲಿ ನಿಜವಾಗಿ ನರ್ಸು ಒಳಗೆ ಬಂದಳು, ಮುಟ್ಟಿ ನೋಡಿದಳು, ಅವಳ ಮುಖ ಬದಲಾಯಿತು. "ಸೀಕ್ರಂ, ಸೀಕ್ರಂ," ಎಂದು ಅವಸರಪಡಿಸಿ ಸ್ಟ್ರೆಚರ್ ತರಿಸಿದಳು. ಶಾಲಿನಿಗೆ ರಕ್ತ ಹೋಗುತ್ತಿತ್ತು. ಮುತ್ತಮ್ಮನೂ ಶೇಖರನೂ ಹತ್ತಿದರು. ಗೋಪಾಲ ಹತ್ತಲಿಲ್ಲ.

"ಅತ್ತೋ ಮುಂಡೇದೇ! ಮಗ್ಳು ಓಗ್ತಾವ್ಳೆ, ಮರದಂಗೆ ನಿಂತಿದ್ದೀಯಲ್ಲಾ!" ಎಂದು ನಾನು ಅವನ ತೋಳು ಹಿಡಿದು ದೂಡಿದೆ.

"ನಂಗೆ ಇಲ್ಲಿ ಕೆಲಸ ಐತೆ ಅಕ್ಕಾ," ಅಂದ. ಆಂಬುಲೆನ್ಸು ಹೋಯಿತು. ಅವನು ಕಿತ್ತ ಬ್ಯಾಟರಿಯನ್ನು ಮತ್ತೆ ಫೋನಿಗೆ ಹಾಕುತ್ತಲೇ ಅಂಗಡಿಯ ಕಡೆ ಓಡಿದ. ಅವನು ಹಾಗೆ ಬೀದಿಯುದ್ದಕ್ಕೂ ಓಡಿದ್ದನ್ನು ಚಿಕ್ಕಂದಿನ ನಂತರ ನಾನು ನೋಡಿರಲೇ ಇಲ್ಲ.

ನಾನು ಚಾಪೆಯ ರಕ್ತ ತೊಳೆದು, ಬಾಗಿಲು ಹಾಕಿ, ಆಸ್ಪತ್ರೆಗೆ ಹೋಗಲು ಧರ್ಮಪುರಿಯ ಬಸ್ಸು ಹಿಡಿಯಬೇಕೆಂದು ಹೊರಬಿದ್ದೆ. ಆಗ ಕೇಳಿಸಿತು. ಊರಿನ ಎಲ್ಲ ಮನೆಗೂ ಕೇಳಿಸಿತು. ಅವನ ಅಂಗಡಿಯ ಮೇಲಿನ ನಾಲ್ಕು ಹಾರ್ನಿನಿಂದ ಮಾರಿಯಮ್ಮ ಕೇಳುತ್ತಿದ್ದಳು, ಹೆಸರು ಹೇಳಪ್ಪಾ ಎಂದು. ಆಮೇಲೆ ನನ್ನ ತಮ್ಮನ ದನಿ, ಸಾವಿನ ಮನೆಯಲ್ಲಿ ಹೇಳುವ ಅದೇ ರಾಗದಲ್ಲಿ, ಮೊದಲು ತಮಿಳಲ್ಲಿ, ಆಮೇಲೆ ಕನ್ನಡದಲ್ಲಿ:

"ಮಾರಂಡಹಳ್ಳಿ ಮೈಕ್‌ಸೆಟ್ ಗೋಪಾಲಪ್ಪನವರು, ಮುತ್ತಮ್ಮನವರ ಗಂಡ, ರವಿಶಂಕರ್ ಮತ್ತೆ ಶಾಲಿನಿಯವರ ತಂದೆ, ಇವತ್ತು ಮಧ್ಯಾಹ್ನ ತೀರಿಕೊಂಡ್ರು."

ಹಾಡು ಶುರುವಾಯಿತು.

ನಾನು ಚಪ್ಪಲಿ ಇಲ್ಲದೆ ಓಡಿದೆ. ಬೀದಿಯಲ್ಲಿ ಜನ ಬಾಗಿಲಿಗೆ ಬಂದು ನಿಂತಿದ್ದರು. ಟೈಲರು ಮಿಷನ್ ನಿಲ್ಲಿಸಿ ಎದ್ದಿದ್ದ. ಗೋಪಾಲ ಅಂಗಿ ತೆಗೆದುಹಾಕಿ, ಅಂಗಡಿಯ ಮುಂದೆ ನೆಲದ ಮೇಲೆ, ತೆಂಕಣಕ್ಕೆ ತಲೆ ಹಾಕಿ ಮಲಗಿದ್ದ. ಹೆಣಕ್ಕೆ ಕಟ್ಟುವ ಹಾಗೆ ಕಾಲಿನ ಎರಡು ಹೆಬ್ಬೆರಳನ್ನು ತಾನೇ ಬಟ್ಟೆಯ ಚೂರಿನಿಂದ ಕಟ್ಟಿಕೊಂಡಿದ್ದ. ಕಣ್ಣು ಮಾತ್ರ ತೆರೆದಿತ್ತು.

"ಏಳೋ! ಏಳೋ ಮೇಲೆ, ಮಾನ ಕಳೀಬ್ಯಾಡ," ಎಂದು ಅವನ ಭುಜ ಹಿಡಿದು ಎಳೆದೆ.

"ಅಕ್ಕಾ," ಅಂದ, ತುಟಿ ಅಲ್ಲಾಡಿಸದ ಹಾಗೆ. "ನೀನು ಅಳು. ಎಸ್ರು ಬದ್ಲು ಮಾಡಿದ್ದೀನಿ. ಮನೇರು ಯಾರಾನ ಅತ್ರೇನೇ ಅದು ನಂಬೋದು. ಬ್ಯಾರೆ ಯಾರೂ ಇಲ್ಲ ಕಣಕ್ಕಾ, ನೀನು ಅಳು."

ಊರೆಲ್ಲ ನೋಡುತ್ತಿತ್ತು. ತಾಯತ ಬಿಚ್ಚಿಸಿದವಳು, ಗಾಳಿ ಸೋಂಕು ಅಂದವರಿಗೆ ಉಗಿದವಳು. ನಾನು ಅವನ ತಲೆಯ ಹತ್ತಿರ ಕೂತೆ. ನಟನೆ ಮಾಡಬೇಕಾಗಿ ಬರಲಿಲ್ಲ. ಬದುಕಿರುವ ತಮ್ಮನ ಎದೆಯ ಮೇಲೆ ಕೈ ಬಡಿದು, ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ್ದನ್ನೆಲ್ಲ ಹೇಳಿಕೊಂಡು, ಹಾರ್ನಿನಲ್ಲಿ ಮಾರಿಯಮ್ಮ ಹಾಡುವ ರಾಗಕ್ಕೇ ನಾನೂ ಅತ್ತೆ. ಅಂಗೈಯ ಕೆಳಗೆ ಅವನ ಎದೆ ದಬದಬ ಹೊಡೆದುಕೊಳ್ಳುತ್ತಿತ್ತು. ಬಾಗಿಲಲ್ಲಿ ನಿಂತಿದ್ದ ಹೆಂಗಸರು ಒಬ್ಬೊಬ್ಬರಾಗಿ ಬಂದು ನನ್ನ ಜೊತೆ ಕೂತು ಅಳತೊಡಗಿದರು. ಹಾಡು ಕೊನೆಯವರೆಗೂ ಹೋಗಿ ತಾನಾಗಿ ಮುಗಿಯಿತು.

ನನ್ನ ಸೊಂಟದಲ್ಲಿದ್ದ ಹಳೆಯ ಬಟನ್ ಫೋನು ಬಡಿದುಕೊಂಡಾಗ ಬಿಸಿಲು ಇಳಿದಿತ್ತು. ಶೇಖರ್. ಅವನೂ ಅಳುತ್ತಲೇ ಹೇಳಿದ. ಹೆಣ್ಣುಮಗು. ಮೊದಲು ಉಸಿರು ಇರಲಿಲ್ಲವಂತೆ, ಡಾಕ್ಟರು ಕೈಚೆಲ್ಲುವ ಹೊತ್ತಿಗೆ ಅತ್ತಿತಂತೆ. ಶಾಲಿನಿಗೆ ರಕ್ತ ನಿಂತಿದೆ, ಕಣ್ಣು ಬಿಟ್ಟಿದ್ದಾಳೆ.

ನಾನು ಹೇಳಿದೆ. ಗೋಪಾಲ ಎದ್ದು ಕೂತು ಮುಖವನ್ನು ಎರಡು ಕೈಯಲ್ಲೂ ಮುಚ್ಚಿಕೊಂಡ. ಆಮೇಲೆ "ಹೆಂಗೈತೆ ಮಗ? ಯಾರಂಗೈತೆ?" ಎಂದು ಕೇಳಿದ. "ನಡಿಯೋ, ಓಗಿ ನೋಡಾನ," ಅಂದೆ.

"ನಾನು ಎಂಗೆ ಬರ್ಲಿ ಅಕ್ಕಾ," ಅಂದ. "ನಾನು ಸತ್ತಿದ್ದೀನಲ್ಲಾ."

ಅಲ್ಲಿಂದ ಇವತ್ತಿನವರೆಗೂ ಅವನು ಮನೆಯ ಹೊಸ್ತಿಲು ತುಳಿದಿಲ್ಲ. ಅಂಗಡಿಯ ಹಿಂದಿನ ಸೂರಿನ ಕೆಳಗೆ ಒಂದು ಕೋಣೆ ಕಟ್ಟಿಕೊಂಡು ಇದ್ದಾನೆ. ಆ ಫೋನು ಆಮೇಲೂ ಚೆನ್ನಾಗಿಯೇ ನಡೆಯಿತು, ಟಾರ್ಚು, ರೇಡಿಯೋ, ಟೈಮು ಎಲ್ಲ ಸರಿಯಾಗಿತ್ತು, ಆ ಒಂದು ಹಾಡು ಮಾತ್ರ ಮತ್ತೆ ಯಾವತ್ತೂ ಕೇಳಿಸಲಿಲ್ಲ, ರವಿ ಎಷ್ಟು ಹುಡುಕಿದರೂ ಅದರಲ್ಲಿ ಎಲ್ಲೂ ಇರಲಿಲ್ಲ. ಒಳ್ಳೆಯ ಕಾರ್ಯಗಳಿಗೆ ಈಗ ರವಿ ತನ್ನದೇ ದೊಡ್ಡ ಸೆಟ್ ಇಟ್ಟಿದ್ದಾನೆ. ಗೋಪಾಲ ಸಾವಿನ ಮನೆಗಳಿಗೆ ಮಾತ್ರ ಹೋಗುತ್ತಾನೆ. ಅವನನ್ನು ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ, "ಮೈಕ್‌ಸೆಟ್‌ನೋರೇ" ಅಂದರೆ ತಿರುಗುತ್ತಾನೆ.

ಮುತ್ತಮ್ಮ ತಾಳಿ ತೆಗೆದಿಲ್ಲ, ಕುಂಕುಮ ಅಳಿಸಿಲ್ಲ. "ಅವರಿಗೆ ತಲೆ ಕೆಟ್ಟೈತೆ ಅಂತ ನಾನ್ಯಾಕೆ ಮುಂಡೆ ಆಗ್ಲಿ?" ಎಂದು ಮೊದಮೊದಲು ಅಂಗಡಿಯ ಮುಂದೆ ನಿಂತು ಜಗಳ ಆಡಿದಳು. ಅವನು ಬಾಗಿಲು ತೆರೆಯಲಿಲ್ಲ. ಈಗ ಅವಳು ಅಡುಗೆ ಮಾಡುತ್ತಾಳೆ, ನಾನು ಡಬ್ಬಿ ಒಯ್ಯುತ್ತೇನೆ. ಅವನಿಗೆ ಇಷ್ಟ ಅಂತ ಮುದ್ದೆಗೆ ಸೊಪ್ಪಿನ ಸಾರೇ ಮಾಡಿ ಕಳಿಸುತ್ತಾಳೆ. ಅವನು ಡಬ್ಬಿ ಖಾಲಿ ಮಾಡಿ ಕೊಡುತ್ತಾ, "ಶರಣ್ಯ ಎಂಗವ್ಳೆ?" ಎಂದು ಕೇಳುತ್ತಾನೆ. ಶರಣ್ಯ ಅವನ ಮೊಮ್ಮಗಳು. ಓದಿನಲ್ಲಿ ಜಾಣೆ, ಮಾತೆಲ್ಲ ತಮಿಳು, ನಡೆಯುವುದು ಥೇಟ್ ಗೋಪಾಲನ ಹಾಗೆ. ತಾತ ಅವಳು ಹುಟ್ಟಿದ ದಿನವೇ ತೀರಿಕೊಂಡರು ಎಂದು ಅವಳಿಗೆ ಹೇಳಿದ್ದೇವೆ. ಊರವರು ಅವಳ ಮುಂದೆ ಮಾತೆತ್ತುವುದಿಲ್ಲ.

ಈ ಸಲ ಬೇಸಿಗೆ ರಜೆಗೆ ಅವಳು ಬಂದಾಗ ನನಗೆ ರೋಸಿಹೋಯಿತು. ಅವನಿಗೂ ವಯಸ್ಸಾಯಿತು, ನನಗೂ ಆಯಿತು. ಒಂದು ಹಾಳು ಫೋನಿನ ಮಾತು ಕಟ್ಟಿಕೊಂಡು ಒಬ್ಬ ಮನುಷ್ಯ ಮೊಮ್ಮಗಳ ಮುಖ ನೋಡದೆ ಸಾಯಬೇಕೇ? ನಾನು ಓದಿದವಳು, ಇದಕ್ಕೊಂದು ಕೊನೆ ಕಾಣಿಸುತ್ತೇನೆ ಎಂದುಕೊಂಡು, ಯಾರಿಗೂ ಹೇಳದೆ, ಬೆಳಗ್ಗೆ ಶರಣ್ಯಳಿಗೆ ತಲೆ ಬಾಚಿ, ಐಸ್ ಕೊಡಿಸುತ್ತೇನೆ ಬಾ ಎಂದು ಕೈ ಹಿಡಿದು ಹೊರಟೆ.

ಬೀದಿ ತಿರುಗಿದೆವು. ಗೋಪಾಲ ಅಂಗಡಿಯ ಮುಂದೆ ಸ್ಟೂಲಿನ ಮೇಲೆ ನಮಗೆ ಬೆನ್ನು ಹಾಕಿ ಕೂತು ಒಂದು ಹಾರ್ನನ್ನು ರಿಪೇರಿ ಮಾಡುತ್ತಿದ್ದ. ಕತ್ತು ಎಷ್ಟು ಸಣ್ಣಗಾಗಿತ್ತು! ಒಂದು ಸಲ ಕೂಗಿದರೆ ತಿರುಗಬೇಕು. ಶರಣ್ಯ ನನ್ನ ಕೈಯನ್ನು ಜೋಕಾಲಿಯಾಡಿಸುತ್ತಾ ಶಾಲೆಯ ಏನೋ ಕಥೆ ಹೇಳುತ್ತಿದ್ದಳು. ಆ ಕೈ ಬೆಚ್ಚಗಿತ್ತು. ಮಣಿಕಟ್ಟಿನಲ್ಲಿ ನಾಡಿ ಬಡಿಯುವುದು ನನ್ನ ಬೆರಳಿಗೆ ತಿಳಿಯುತ್ತಿತ್ತು.

ನಾನು ಬಾಯಿ ತೆರೆದೆ. ಅವನ ಹೆಸರು ಗಂಟಲವರೆಗೆ ಬಂತು. ಕೂಗಿದರೆ, ಅವನು ಬದುಕಿದ್ದಾನೆ ಎಂದಾದರೆ, ಆಗ ಅದು ಬದಲಿಗೆ ಯಾರ ಹೆಸರು ಕೇಳುತ್ತದೆ? ನನಗೆ ಹೆದರಿಕೆಯಾಯಿತು. ಬದುಕಿನಲ್ಲಿ ಅಷ್ಟು ಹೆದರಿಕೆ ನನಗೆ ಯಾವತ್ತೂ ಆಗಿರಲಿಲ್ಲ.

ಮಗುವನ್ನು ಎಳೆದುಕೊಂಡು ಹಿಂದಕ್ಕೆ ತಿರುಗಿ, ಮಸಾಲೆ ಮಿಷನ್ನಿನ ಸಂದಿಯಿಂದ ಸುತ್ತು ಹಾಕಿ ನಡೆದೆ. ಐಸ್ ಅಂಗಡಿ ಅತ್ತ ಕಡೆ ತಾನೇ ಇರುವುದು ಎಂದು ಶರಣ್ಯ ತಮಿಳಿನಲ್ಲಿ ಕೇಳಿದಳು.

"ಬ್ಯಾಡ ಕಣವ್ವಾ," ಅಂದೆ. "ಆ ಬೀದೀಲಿ ನಮ್ಮೋರು ಯಾರೂ ಇಲ್ಲ."